ನೋವು ಹೋಯ್ತು ಅಂದರೆ ಕೈ ವಾಸಿಯಾಯ್ತು ಅಂತಲ್ಲ

ಹಾಸನದ ಸಮುದಾಯ ಭವನವೊಂದರಲ್ಲಿ ಭಾನುವಾರ ಬೆಳಗ್ಗೆ ಟೆನಿಸ್ ಎಲ್ಬೋ ಅನ್ನುವ ಮೊಣಕೈ ನೋವಿನ ಬಗ್ಗೆ, ಫಿಸಿಯೋಥೆರಪಿಸ್ಟ್ ಆಗಿ ನಾನು ಆಡಿದ ಮಾತುಗಳನ್ನು ಬರೆದಿಟ್ಟಿದ್ದೇನೆ. ಅವತ್ತು ಹೇಳದೆ ಉಳಿದ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಕೆಲಸ ಮಾಡೋಣ. ಬಲಗೈಯನ್ನು ನೇರವಾಗಿ ಮುಂದಕ್ಕೆ ಚಾಚಿ. ಅಂಗೈ ನೆಲದ ಕಡೆಗಿರಲಿ. ಈಗ ನಡುಬೆರಳನ್ನು ಮಾತ್ರ ಮೇಲಕ್ಕೆ ಎತ್ತಿ ಹಿಡಿಯಿರಿ. ಪಕ್ಕದಲ್ಲಿ ಕೂತವರು ಆ ಬೆರಳನ್ನು ಮೆಲ್ಲಗೆ ಕೆಳಕ್ಕೆ ಒತ್ತಲಿ. ನೀವು ಬಿಟ್ಟುಕೊಡಬೇಡಿ. ಯಾರಿಗಾದರೂ ಮೊಣಕೈಯ ಹೊರಬದಿಯಲ್ಲಿ, ಆ ಉಬ್ಬಿದ ಮೂಳೆಯ ಹತ್ತಿರ, ಚಳಕ್ ಅಂತಾ?

ಐದಾರು ಕೈ ಮೇಲೆ ಬಂದವು. ಹಿಂದಿನ ಸಾಲಿನಲ್ಲಿ ಒಬ್ಬ ಅಮ್ಮ "ಅಯ್ಯೋ ಬಿಡೇ" ಅಂತ ಪಕ್ಕದವರ ಕೈ ತಳ್ಳಿದರು.

ಒತ್ತಿದ್ದು ಬೆರಳು, ನೋವು ಬಂದಿದ್ದು ಮೊಣಕೈಯಲ್ಲಿ. ಇದಕ್ಕೆ ಕಾರಣ ಇದೆ. ಮೊಣಕೈಯ ಹೊರಗಿನ ಉಬ್ಬಿನಿಂದ ಒಂದು ಸ್ನಾಯು ಹೊರಟು, ಮುಂಗೈ ಉದ್ದಕ್ಕೂ ಬಂದು, ನಡುಬೆರಳಿನ ಬುಡದ ಮೂಳೆಗೆ ಅಂಟಿಕೊಂಡಿದೆ. ವೈದ್ಯಕೀಯದಲ್ಲಿ ಅದಕ್ಕೆ ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್ ಅಂತ ಉದ್ದನೆಯ ಹೆಸರು. ಹೆಸರು ಮರೆತರೂ ಪರವಾಗಿಲ್ಲ, ಅದರ ಕೆಲಸ ನೆನಪಿರಲಿ. ಮಣಿಕಟ್ಟನ್ನು ಮೇಲಕ್ಕೆ ಎತ್ತಿ ಹಿಡಿಯೋದು ಅದರ ಕೆಲಸ. ಅದು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ಮಾಂಸ ಮುಗಿದು, ಹಗ್ಗದಂಥ ಒಂದು ಗಟ್ಟಿ ನಾರಿನ ಕಟ್ಟು ಇರುತ್ತೆ. ಅದೇ ಟೆಂಡನ್. ಟೆನಿಸ್ ಎಲ್ಬೋ ಅನ್ನೋದು ಆ ನಾರಿನ ಕಟ್ಟಿನ ಕಾಯಿಲೆ.

"ನಾನು ಮಣಿಕಟ್ಟು ಎತ್ತೋ ಕೆಲಸ ಎಲ್ಲಿ ಮಾಡ್ತೀನಿ?" ಅಂತ ತುಂಬ ಜನ ಕೇಳುತ್ತಾರೆ. ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಮಡಚಿ. ಹಾಗೇ ಮುಷ್ಟಿ ಬಿಗಿ ಮಾಡಿ ನೋಡೋಣ. ಬಿಗಿ ಬರಲ್ಲ, ಅಲ್ವಾ? ಈಗ ಮಣಿಕಟ್ಟು ನೇರ ಮಾಡಿ ಹಿಡಿಯಿರಿ. ಬಂತು. ಅಂದರೆ ಏನನ್ನೇ ಬಿಗಿಯಾಗಿ ಹಿಡಿಯಬೇಕಾದರೂ ಈ ಸ್ನಾಯು ಮಣಿಕಟ್ಟನ್ನು ಹಿಂದಿನಿಂದ ಎಳೆದು ನಿಲ್ಲಿಸಲೇಬೇಕು. ಕತ್ತಿ ಹಿಡಿದರೂ ಎಳೆತ, ಬಟ್ಟೆ ಹಿಂಡಿದರೂ ಎಳೆತ, ಹಾಲು ಕರೆದರೂ ಎಳೆತ. ಹೆಚ್ಚಿಗೆ ಬಳಸುವ ಕೈಗೇ ಈ ನೋವು ಜಾಸ್ತಿ. ವಯಸ್ಸು ಮೂವತ್ತೈದು ದಾಟಿ ಅರವತ್ತರ ಒಳಗಿರುವವರಲ್ಲಿ ಹೆಚ್ಚು. ಮನೆಯನ್ನು ಹೊತ್ತು ನಡೆಸುವ ವಯಸ್ಸು ಅದು.

ಟೆನಿಸ್ ಅನ್ನೋ ಹೆಸರು ಕೇಳಿ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. "ನಾನು ರಾಕೆಟ್ಟೇ ಮುಟ್ಟಿಲ್ಲ ಮೇಡಂ." ಈ ನೋವಿನಿಂದ ಬರುವವರಲ್ಲಿ ಟೆನಿಸ್ ಆಡುವವರು ನೂರಕ್ಕೆ ಹತ್ತು ಜನರೂ ಇಲ್ಲ. 1873ರಲ್ಲಿ ರುಂಗೆ ಅನ್ನುವ ಜರ್ಮನ್ ವೈದ್ಯರು ಇದನ್ನು ಮೊದಲು ಬರೆದಿಟ್ಟಾಗ ಅವರ ಕಣ್ಣ ಮುಂದೆ ಇದ್ದದ್ದು ದಿನವಿಡೀ ಬರೆಯುವ ಜನ. ಆಮೇಲೆ ಇಂಗ್ಲೆಂಡಿನಲ್ಲಿ ಲಾನ್ ಟೆನಿಸ್ ಹುಚ್ಚು ಹಬ್ಬಿತು. 1882ರಲ್ಲಿ ಹೆನ್ರಿ ಮೋರಿಸ್ ಎಂಬ ವೈದ್ಯರು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ "ಲಾನ್ ಟೆನಿಸ್ ತೋಳು" ಅಂತ ಬರೆದರು. ಹೆಸರು ಅಲ್ಲಿಂದ ಅಂಟಿಕೊಂಡಿತು. ನನಗೆ ಬೇಲೂರಿಗೆ ಹೋದಾಗಲೆಲ್ಲ ಒಂದು ಯೋಚನೆ ಬರುತ್ತೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಆ ಕಲ್ಲಿನ ಮೇಲೆ ವರ್ಷಗಟ್ಟಲೆ ಉಳಿ ಹಿಡಿದು ಸುತ್ತಿಗೆ ಬಡಿದವರ ಮೊಣಕೈ ಹೇಗಿದ್ದಿರಬೇಕು? ಆ ನೋವಿಗೆ ಯಾರೂ ಹೆಸರಿಡಲಿಲ್ಲ.

ನಮ್ಮ ಕಡೆ ಈ ನೋವಿಗೆ ಹೇಳೋದು ಬೇರೆ. "ನರ ಹಿಡ್ಕೊಂಡಿದೆ", "ವಾಯು ಇಳಿದಿದೆ", "ಉಳುಕಿದೆ". ನನ್ನ ಹತ್ತಿರ ಬರುವವರು ಹೇಳುವ ಕೆಲಸಗಳೂ ಬೇರೆಯೇ. ಸಕಲೇಶಪುರ, ಆಲೂರಿನ ಕಡೆಯಿಂದ ಬರುವವರು ಕಾಫಿ ಕೊಯ್ಲು ಮುಗಿದು ಗಿಡ ಕಸಿ, ಅಂದರೆ ಗಿಡದ ರೆಂಬೆ ಸವರೋದು, ಶುರುವಾದ ಮೇಲೆ ಬರುತ್ತಾರೆ. ದಿನವೆಲ್ಲ ಕತ್ತರಿ ಒತ್ತಿ ಒತ್ತಿ ಕೈ ಸೋತಿರುತ್ತೆ. ಮರಗಸಿ ಮಾಡುವವರು, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವವರು, ಬರುತ್ತಾರೆ. ಕಳೆ ಹೊಡೆಯುವ ಮೆಷಿನ್ ಹಿಡಿಯುವ ಹುಡುಗರು ಬರುತ್ತಾರೆ. ಅವರಿಗೆ ಹಿಡಿತದ ಜೊತೆಗೆ ಮೆಷಿನ್ ಅದುರೋದೂ ಸೇರುತ್ತೆ. ಅಡಿಕೆ ಸುಲಿಯುವವರು, ಗಾರೆ ಕೆಲಸದವರು, ಪೇಂಟರ್‌ಗಳು, ಟೈಲರ್‌ಗಳು, ಎಂಟು ಗಂಟೆ ಮೌಸ್ ಹಿಡಿದು ಕೂರುವವರು. ಎಲ್ಲರಿಗಿಂತ ಜಾಸ್ತಿ ಬರುವವರು ಮಾತ್ರ ಮನೆಯಲ್ಲಿ ಕೆಲಸ ಮಾಡುವ ಹೆಂಗಸರು. ಅವರ ಕೆಲಸಕ್ಕೆ ಸೀಸನ್ ಅಂತ ಇಲ್ಲ.

ಅವರಲ್ಲಿ ಒಬ್ಬರ ಕಥೆ ಹೇಳುತ್ತೇನೆ. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಬೇಡ.

ನಲವತ್ತಾರು ವರ್ಷದ ಅಕ್ಕ. ಸಣ್ಣದೊಂದು ಮೆಸ್ ನಡೆಸುತ್ತಾರೆ. ಮಧ್ಯಾಹ್ನ ಮುದ್ದೆ ಊಟ. ಒಂದು ಹೊತ್ತಿಗೆ ಐವತ್ತು ಅರವತ್ತು ಮುದ್ದೆ ಆಗಬೇಕು. ನೀವೆಲ್ಲ ಹಿಟ್ಟು ತಿರುವಿದವರೇ, ಆದರೂ ಅವರು ಮಾಡಿ ತೋರಿಸಿದ್ದನ್ನು ಹಾಗೇ ಹೇಳುತ್ತೇನೆ. ದೊಡ್ಡ ಪಾತ್ರೆಯನ್ನು ನೆಲಕ್ಕೆ ಇಳಿಸಿ, ಕವೆಗೋಲು ಸಿಕ್ಕಿಸಿ, ಎರಡೂ ಕಾಲಿನಿಂದ ಅದನ್ನು ಒತ್ತಿ ಹಿಡಿಯುತ್ತಾರೆ. ಮುದ್ದೆ ಕೋಲನ್ನು ಬಲಗೈ ಕೆಳಗೆ, ಎಡಗೈ ಮೇಲೆ ಮಾಡಿ ಹಿಡಿದು ಅಂಚಿನಿಂದ ಒಳಕ್ಕೆ ಎಳೆಯುತ್ತಾರೆ. ಹಿಟ್ಟು ಬೆಂದಷ್ಟೂ ಬಿಗಿಯಾಗುತ್ತೆ. ಕೋಲು ತಡೆಯುತ್ತೆ. ಆ ತಡೆಯನ್ನು ಮೀರಿ ತಿರುವಬೇಕು, ಗಂಟು ಉಳಿಯಬಾರದು. ಬಲಗೈಯ ಮೊಣಕೈ ನೇರವಾಗಿ, ಅಂಗೈ ಕೆಳಮುಖವಾಗಿ, ಮುಷ್ಟಿ ಬಿಗಿಯಾಗಿ, ಮೈಯ ಭಾರವೆಲ್ಲ ಅದರ ಮೇಲೆ. ಟೆನಿಸ್ ಎಲ್ಬೋ ಬರಿಸಬೇಕು ಅಂತಲೇ ಯಾರೋ ಯೋಚಿಸಿ ಮಾಡಿದ ಕೆಲಸದ ಹಾಗಿದೆ ಅದು.

ಮೊದಲು ನೋವು ಬಂದಾಗ ಎಣ್ಣೆ ತಿಕ್ಕಿಸಿದರು. ಮಾತ್ರೆ ನುಂಗಿದರು. ಲೋಟ ಎತ್ತೋಕೂ ಆಗದಂತಾದಾಗ ಒಂದು ಕಡೆ ಇಂಜೆಕ್ಷನ್ ಹಾಕಿಸಿಕೊಂಡರು. "ಮಂತ್ರ ಹಾಕ್ದಂಗೆ ಹೋಯ್ತು ಮೇಡಂ" ಅಂದರು. ನಿಜ, ಹಾಗೇ ಹೋಗುತ್ತೆ. ಮೂರನೇ ದಿನಕ್ಕೆ ಕೋಲು ಹಿಡಿದರು. ಎರಡು ತಿಂಗಳಿಗೆ ನೋವು ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ಇನ್ನೊಂದು ಇಂಜೆಕ್ಷನ್. ಈ ಸಲ ಒಂದೂವರೆ ತಿಂಗಳು ತಡೆಯಿತು. ಆಮೇಲೆ ಮೂರನೆಯದು. ಅದು ಹದಿನೈದು ದಿನವೂ ನಿಲ್ಲಲಿಲ್ಲ.

ನನ್ನ ಹತ್ತಿರ ಬಂದಾಗ ನೋವು ಶುರುವಾಗಿ ಹನ್ನೊಂದು ತಿಂಗಳಾಗಿತ್ತು. ಆದರೆ ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. ಸೆರಗು ಸರಿಸಿ ಮೊಣಕೈ ತೋರಿಸಿದರು. ಸೂಜಿ ಚುಚ್ಚಿದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಬೆಳ್ಳಗಾಗಿತ್ತು. ಸ್ವಲ್ಪ ಗುಳಿಯೂ ಬಿದ್ದಿತ್ತು. "ಇದು ತೊನ್ನಾ ಮೇಡಂ? ಮಗಳನ್ನ ನೋಡೋಕೆ ಬಂದಿದ್ರು. ಇಡೀ ಹೊತ್ತು ಕೈ ಮುಚ್ಕೊಂಡೇ ಕೂತಿದ್ದೆ." ದನಿ ಸಣ್ಣದಾಗಿತ್ತು.

ಅದು ತೊನ್ನಲ್ಲ. ಆ ಇಂಜೆಕ್ಷನ್‌ನಲ್ಲಿದ್ದ ಸ್ಟೆರಾಯ್ಡ್ ಔಷಧಿ ಚರ್ಮದ ಕೆಳಗೆ ಉಳಿದರೆ ಅಲ್ಲಿನ ಬಣ್ಣ ಮಾಸುತ್ತೆ, ಕೊಬ್ಬು ಕರಗಿ ಚರ್ಮ ತೆಳುವಾಗುತ್ತೆ. ನಮ್ಮಂಥ ಕಂದು ಬಣ್ಣದವರಲ್ಲಿ ಎದ್ದು ಕಾಣುತ್ತೆ. ತುಂಬ ಜನರಲ್ಲಿ ತಿಂಗಳುಗಳ ಮೇಲೆ ಬಣ್ಣ ನಿಧಾನವಾಗಿ ವಾಪಸ್ ಬರುತ್ತೆ. ಇದನ್ನು ಹೇಳೋಕೆ ಎರಡು ನಿಮಿಷ ಬೇಕಾಯಿತು. ಸೂಜಿ ಹಾಕುವ ಮುಂಚೆ ಆ ಎರಡು ನಿಮಿಷ ಯಾರಾದರೂ ಕೊಟ್ಟಿದ್ದರೆ ಆ ತಾಯಿ ಅಷ್ಟು ದಿನ ಹೆದರಿಕೊಂಡು ಇರಬೇಕಿರಲಿಲ್ಲ. ನನಗೆ ಈ ಉಪನ್ಯಾಸ ಮಾಡಬೇಕು ಅನ್ನಿಸಿದ್ದೇ ಆ ದಿನ.

ಹಾಗಾದರೆ ಆ ಇಂಜೆಕ್ಷನ್ ಏನು ಮಾಡುತ್ತೆ? ಅದರಲ್ಲಿರುವುದು ಸಾಮಾನ್ಯವಾಗಿ ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್. ಎರಡೂ ಸ್ಟೆರಾಯ್ಡ್. ಉರಿಯೂತ, ಅಂದರೆ ಕೆಂಪಗಾಗಿ ಬಿಸಿಯಾಗಿ ಊದಿಕೊಳ್ಳೋದನ್ನು ಇಳಿಸುವ, ನೋವು ತಗ್ಗಿಸುವ ಔಷಧಿಗಳು. ಬಹಳ ಕಾಲ ವೈದ್ಯರು ಟೆನಿಸ್ ಎಲ್ಬೋ ಅಂದರೆ ಉರಿಯೂತ ಅಂತಲೇ ನಂಬಿದ್ದರು. ಉರಿಯೂತ ಆಗಿದ್ದರೆ ಸ್ಟೆರಾಯ್ಡ್ ಸರಿಯಾದ ಮದ್ದೇ. ಆದರೆ 1979ರಲ್ಲಿ ಅಮೆರಿಕದ ನಿರ್ಷಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರವೈದ್ಯರು ಆಪರೇಷನ್‌ನಲ್ಲಿ ತೆಗೆದ ಟೆಂಡನ್‌ನ ಚೂರುಗಳು ಹೇಗಿದ್ದವು ಅಂತ ಬರೆದರು. ಉರಿಯೂತದ ಕಣಗಳ ಸುಳಿವು ಅಷ್ಟಾಗಿ ಇರಲಿಲ್ಲ. ಕಂಡದ್ದು ಸವೆದ, ದಿಕ್ಕುತಪ್ಪಿದ ನಾರು. ನಡುವೆ ಬೆಳೆದ ಹೊಸ ರಕ್ತನಾಳಗಳು. ಹೊಸ ಹಗ್ಗದಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿಗೆ ಬಿಗಿಯಾಗಿ ಹೊಸೆದಿರುತ್ತವೆ. ಬಾವಿ ಗಡಗಡೆಯಲ್ಲಿ ವರ್ಷಗಟ್ಟಲೆ ಉಜ್ಜಿದ ಹಗ್ಗ ನೆನಪಿಸಿಕೊಳ್ಳಿ. ಜುಂಗು ಜುಂಗಾಗಿ, ಎಳೆಗಳು ಅಡ್ಡಾದಿಡ್ಡಿ. ಟೆಂಡನ್‌ಗೆ ಆಗಿರುವುದು ಅದು. ದೇಹ ರಿಪೇರಿ ಮಾಡೋಕೆ ಹೋಗಿ, ಸರಿಯಾಗಿ ಮುಗಿಸಲಾರದೆ ಅರ್ಧಕ್ಕೆ ನಿಂತಿರುವ ಸ್ಥಿತಿ.

ಸ್ಟೆರಾಯ್ಡ್ ನೋವನ್ನು ಚೆನ್ನಾಗಿ ಇಳಿಸುತ್ತೆ. ಹಗ್ಗ ಹೊಸೆಯೋದಿಲ್ಲ. ಇನ್ನೂ ಹೇಳಬೇಕೆಂದರೆ, ಹೊಸ ನಾರು ಕಟ್ಟುವ ಕಣಗಳ ಕೆಲಸವನ್ನೇ ಅದು ಕುಗ್ಗಿಸುತ್ತೆ. ನೋವು ಇಲ್ಲ ಅಂತ ಅಕ್ಕ ಮೂರನೇ ದಿನಕ್ಕೆ ಕೋಲು ಹಿಡಿದರಲ್ಲ, ಆಗ ಜುಂಗಾದ ಹಗ್ಗಕ್ಕೆ ತುಂಬಿದ ಕೊಡ ಕಟ್ಟಿದಂತಾಯಿತು.

ಇದು ನನ್ನೊಬ್ಬಳ ಅನಿಸಿಕೆ ಅಂತ ತಿಳಿಯಬೇಡಿ. ನೆದರ್ಲೆಂಡ್ಸ್‌ನಲ್ಲಿ 185 ಜನರನ್ನು ಮೂರು ಗುಂಪು ಮಾಡಿ ನೋಡಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿಗೆ ಸ್ಟೆರಾಯ್ಡ್ ಇಂಜೆಕ್ಷನ್. ಇನ್ನೊಂದಕ್ಕೆ ಫಿಸಿಯೋಥೆರಪಿ. ಮೂರನೆಯವರಿಗೆ ಕೈಯನ್ನು ಹುಷಾರಾಗಿ ಬಳಸಿ, ಕಾದು ನೋಡಿ ಅಂತ ಸಲಹೆ ಮಾತ್ರ. ಆರು ವಾರಕ್ಕೆ ಇಂಜೆಕ್ಷನ್ ಗುಂಪಿನಲ್ಲಿ ನೂರಕ್ಕೆ 92 ಜನ ಚೆನ್ನಾಗಿದ್ದರು. ಫಿಸಿಯೋದಲ್ಲಿ 47, ಕಾದವರಲ್ಲಿ 32. ಇಲ್ಲಿಗೇ ನಿಲ್ಲಿಸಿದರೆ ಎಲ್ಲರೂ ಇಂಜೆಕ್ಷನ್‌ಗೇ ಓಡಬೇಕು. ಆದರೆ ಅವರು ವರ್ಷದವರೆಗೆ ನೋಡಿದರು. ವರ್ಷ ತುಂಬುವ ಹೊತ್ತಿಗೆ ಇಂಜೆಕ್ಷನ್‌ನವರು 92ರಿಂದ 69ಕ್ಕೆ ಇಳಿದಿದ್ದರು. ಫಿಸಿಯೋದವರು 91ಕ್ಕೆ, ಸುಮ್ನೆ ಕಾದವರು 83ಕ್ಕೆ ಏರಿದ್ದರು.

ಈ ಲೆಕ್ಕ ಮೊದಲ ಸಲ ಓದಿದಾಗ ನಾನು ಎರಡು ಸಲ ತಿರುಗಿ ನೋಡಿದೆ. ಏನೂ ಮಾಡದವರು ಸೂಜಿ ಹಾಕಿಸಿಕೊಂಡವರಿಗಿಂತ ಮುಂದಿದ್ದರು.

ಸೂಜಿ ಚುಚ್ಚಿದ್ದಕ್ಕೇ ಹೀಗಾಯಿತೋ, ಔಷಧಿಯಿಂದಲೋ ಅಂತ ಕೇಳಬಹುದು. ಆಸ್ಟ್ರೇಲಿಯಾದಲ್ಲಿ 165 ಜನರ ಮೇಲೆ ಅದನ್ನೂ ಪರೀಕ್ಷೆ ಮಾಡಿದರು. 2013ರಲ್ಲಿ ಬಂದ ಅಧ್ಯಯನ ಅದು. ಅರ್ಧ ಜನಕ್ಕೆ ಸ್ಟೆರಾಯ್ಡ್, ಅರ್ಧ ಜನಕ್ಕೆ ಬರೀ ಉಪ್ಪುನೀರು. ತಮಗೆ ಯಾವುದು ಅಂತ ಅವರಿಗೆ ಗೊತ್ತಿರಲಿಲ್ಲ. ವರ್ಷದ ಮೇಲೆ ನೋಡಿದರೆ, ಉಪ್ಪುನೀರಿನವರಲ್ಲಿ ನೂರಕ್ಕೆ 96 ಜನ ಗುಣವಾಗಿದ್ದರು ಅಥವಾ ಬಹಳ ಸುಧಾರಿಸಿದ್ದರು, ಸ್ಟೆರಾಯ್ಡ್‌ನವರಲ್ಲಿ 83. ನೋವು ಮರುಕಳಿಸಿದ್ದು ಉಪ್ಪುನೀರಿನವರಲ್ಲಿ ನೂರಕ್ಕೆ 12 ಜನಕ್ಕೆ. ಸ್ಟೆರಾಯ್ಡ್‌ನವರಲ್ಲಿ 54 ಜನಕ್ಕೆ.

ನಾನು ಫಿಸಿಯೋಥೆರಪಿಸ್ಟ್. ಹಾಗಾಗಿ ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಹೇಳಲೇಬೇಕು. ವರ್ಷದ ಕೊನೆಯಲ್ಲಿ, ಫಿಸಿಯೋ ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಇಂಜೆಕ್ಷನ್ ಜೊತೆ ಫಿಸಿಯೋ ಸೇರಿಸಿದರೆ ಆ ನಷ್ಟ ತುಂಬುತ್ತೆ ಅಂತಲೂ ಕಾಣಲಿಲ್ಲ. ಟೆನಿಸ್ ಎಲ್ಬೋ ಬಂದವರಲ್ಲಿ ಹೆಚ್ಚಿನವರಿಗೆ ಒಂದು ವರ್ಷದೊಳಗೆ ತಾನಾಗಿ ಕಡಿಮೆಯಾಗುತ್ತೆ. ಫಿಸಿಯೋ ಕೆಲಸ ಮಾಡೋದು ಆ ವರ್ಷದ ಮೊದಲ ಭಾಗದಲ್ಲಿ. ಕಾಯುವ ತಿಂಗಳುಗಳನ್ನು ಅದು ಹಗುರ ಮಾಡುತ್ತೆ, ನೋವಿನ ಮಾತ್ರೆ ನುಂಗೋದು ಕಡಿಮೆಯಾಗುತ್ತೆ. ಬೆಳಗಾದರೆ ಹಸು ಕೊಟ್ಟಿಗೆಯಲ್ಲಿ ಕಾಯುತ್ತಿರುವವರಿಗೆ ಆ ಆರು ತಿಂಗಳು ಸಣ್ಣ ವಿಷಯ ಅಲ್ಲ.

ಇಂಜೆಕ್ಷನ್ ಕೊಡುವ ಡಾಕ್ಟರುಗಳನ್ನು ದೂರಬೇಕು ಅಂತ ಇದನ್ನೆಲ್ಲ ಹೇಳುತ್ತಿಲ್ಲ. ಎದುರಿಗೆ ಕೂತವರು "ನಾಳೆಯಿಂದ ಕೊಯ್ಲು ಸಾರ್, ಏನಾದ್ರೂ ಮಾಡಿ" ಅಂತ ಕೈಮುಗಿದರೆ ಏನು ಮಾಡೋದು? ಕೂಲಿ ಹೋದರೆ ಒಲೆ ಉರಿಯಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲದಷ್ಟು ನೋವಿದ್ದರೆ, ಬೇರೆ ದಾರಿಗಳನ್ನು ನೋಡಿಯಾಗಿದ್ದರೆ, ಒಂದು ಸಲ ಹಾಕಿಸಿಕೊಳ್ಳುವುದಕ್ಕೆ ಅರ್ಥ ಇದೆ. ನಿಮ್ಮನ್ನು ನೋಡಿದ ಡಾಕ್ಟರ ಜೊತೆ ಕೂತು ತೀರ್ಮಾನ ಮಾಡಿ. ಆದರೆ ಕೇಳಬೇಕಾದ್ದನ್ನು ಕೇಳಿ. ಇದಕ್ಕೆ ಮುಂಚೆ ಎಷ್ಟು ಆಗಿದೆ ಅಂತ ಹೇಳಿ. ಪದೇ ಪದೇ ಅದೇ ಜಾಗಕ್ಕೆ ಚುಚ್ಚಿಸಿದರೆ ಅಪರೂಪಕ್ಕೆ ಟೆಂಡನ್ ಹರಿಯುವುದೂ ಇದೆ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತೆ. ಮನೆಯಲ್ಲಿ ಮೆಷಿನ್ ಇದ್ದರೆ ಚೆಕ್ ಮಾಡುತ್ತಿರಿ. ಮೊದಲ ಒಂದೆರಡು ದಿನ ನೋವು ಇನ್ನೂ ಜಾಸ್ತಿಯಾಗಬಹುದು, ಅದಕ್ಕೆ ಹೆದರಬೇಡಿ. ಆದರೆ ಕೆಂಪಗಾಗಿ, ಬಿಸಿಯಾಗಿ, ಜ್ವರ ಬಂದರೆ ತಕ್ಷಣ ತೋರಿಸಿ. ಎಲ್ಲಕ್ಕಿಂತ ಮುಖ್ಯ, ನೋವು ಹೋದ ತಕ್ಷಣ ಭಾರದ ಕೆಲಸಕ್ಕೆ ಇಳಿಯಬೇಡಿ. ಹುಷಾರಾಗಿರಬೇಕಾದ ವಾರಗಳೇ ಅವು.

ಪಿಆರ್‌ಪಿ ಬಗ್ಗೆಯೂ ಈಗ ಜನ ಕೇಳುತ್ತಾರೆ. ನಮ್ಮದೇ ರಕ್ತ ತೆಗೆದು, ಮೆಷಿನ್‌ನಲ್ಲಿ ತಿರುಗಿಸಿ, ಅದರ ಒಂದು ಭಾಗವನ್ನು ಮೊಣಕೈಗೆ ಚುಚ್ಚೋದು. ಖರ್ಚು ಜಾಸ್ತಿ. ಉಪ್ಪುನೀರಿನ ಸೂಜಿಗಿಂತ ಹೆಚ್ಚು ಲಾಭ ಇದೆ ಅಂತ ಗಟ್ಟಿಯಾಗಿ ಸಾಬೀತಾಗಿಲ್ಲ. ಸಾಲ ಮಾಡಿ ಹಾಕಿಸಿಕೊಳ್ಳುವಂಥದ್ದು ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ಫಿಸಿಯೋಗೆ ಬರೋಣ. ನಮ್ಮ ಜನಕ್ಕೆ ಫಿಸಿಯೋ ಅಂದರೆ ಕರೆಂಟ್. "ಹತ್ತು ದಿನ ಕರೆಂಟ್ ಇಡಿಸ್ಕೊಂಡೆ ಮೇಡಂ, ಏನೂ ಆಗ್ಲಿಲ್ಲ" ಅನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಜೆಲ್ ಹಚ್ಚಿ ಮೆಷಿನ್ ಆಡಿಸಿ, ಶಾಖ ಕೊಟ್ಟು ಕಳಿಸುತ್ತಿದ್ದೆ. ಅವತ್ತು ಬಂದವರಿಗೆ ಬಸ್ ಚಾರ್ಜೂ ಹೋಯಿತು, ದಿನಗೂಲಿಯೂ ಹೋಯಿತು. ಅದು ನೆನಪಾದರೆ ಈಗಲೂ ಸಂಕಟ ಆಗುತ್ತೆ. ಶಾಖದಿಂದ, ಮೆಷಿನ್‌ನಿಂದ ಸ್ವಲ್ಪ ಹೊತ್ತು ಹಿತ ಆಗಬಹುದು. ಆ ನಾರಿಗೆ ಬಲ ಬರೋದು ಭಾರದಿಂದ. ಅಳತೆ ಮಾಡಿ, ಮೆಲ್ಲಗೆ ಏರಿಸುತ್ತಾ ಹೋಗುವ ಭಾರದಿಂದ. ಭಾರದಿಂದ ಬಂದ ನೋವಿಗೆ ಭಾರವೇ ಮದ್ದು ಅಂದರೆ ಯಾರೂ ನಂಬಲ್ಲ. ಪೂರ್ತಿ ರೆಸ್ಟ್ ಕೊಟ್ಟರೆ ನಾರು ಇನ್ನೂ ಸೊರಗುತ್ತೆ. ಮೊದಲಿನಂತೆಯೇ ದುಡಿಸಿದರೆ ಇನ್ನೂ ಜುಂಗಾಗುತ್ತೆ. ಎರಡರ ನಡುವಿನ ಜಾಗ ಹುಡುಕೋದೇ ನಮ್ಮ ಕೆಲಸ.

ಮಾಡೋದು ಹೀಗೆ. ಮೇಜಿನ ಮೇಲೆ ಮುಂಗೈ ಇಡಿ. ಮೊಣಕೈ ಮಡಚಿರಲಿ, ಅಂಗೈ ಕೆಳಗೆ, ಮಣಿಕಟ್ಟು ಮೇಜಿನ ಅಂಚಿನಿಂದ ಆಚೆ. ಮೊದಲ ಒಂದೆರಡು ವಾರ ಅಲುಗಾಟ ಬೇಡ. ಎಡಗೈಯನ್ನು ಬಲಗೈ ಮೇಲಿಟ್ಟು ಕೆಳಕ್ಕೆ ಒತ್ತಿ. ಬಲಗೈ ಮೇಲಕ್ಕೆ ಒತ್ತಲಿ, ಆದರೆ ಕದಲದಿರಲಿ. ಮೂವತ್ತರಿಂದ ನಲವತ್ತೈದು ಸೆಕೆಂಡು ಹಿಡಿಯಿರಿ. ಬಿಡಿ. ಒಂದು ನಿಮಿಷ ಸುಧಾರಿಸಿಕೊಳ್ಳಿ. ಇಂಥವು ನಾಲ್ಕೈದು. ದಿನಕ್ಕೆ ಒಂದೋ ಎರಡೋ ಸಲ.

ಆಮೇಲೆ ಭಾರ. ಡಂಬೆಲ್ ಕೊಳ್ಳೋದು ಬೇಡ. ಅರ್ಧ ಲೀಟರ್ ನೀರಿನ ಬಾಟಲಿ ತುಂಬಿದರೆ ಅರ್ಧ ಕೆಜಿ. ಅದನ್ನು ಹಿಡಿದು, ಎಡಗೈ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆ ಎತ್ತಿ. ಈಗ ಎಡಗೈ ತೆಗೆಯಿರಿ. ಬಲಗೈ ಒಂದರಿಂದಲೇ, ನಾಲ್ಕು ಎಣಿಸುತ್ತಾ, ನಿಧಾನವಾಗಿ ಕೆಳಕ್ಕೆ ಇಳಿಸಿ. ಎತ್ತೋದಕ್ಕಿಂತ ಈ ಇಳಿಸೋದರಲ್ಲಿ ಕೆಲಸ ಇದೆ. ತಟಕ್ಕನೆ ಬಿಡಬಾರದು. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಹಿಡಿದು ಹಿಡಿದು ಬಿಡುತ್ತೇವಲ್ಲ, ಹಾಗೆ. ಹತ್ತರಿಂದ ಹದಿನೈದು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಅರ್ಧ ಲೀಟರ್ ಸಲೀಸಾದ ಮೇಲೆ ಒಂದು ಲೀಟರ್. ಅರ್ಧ ಲೀಟರ್ ಕಷ್ಟವಾದರೆ ಬಾಟಲಿಯಲ್ಲಿ ನೀರು ಕಡಿಮೆ ಮಾಡಿ. ನಮ್ಮ ಮೆಸ್ಸಿನ ಅಕ್ಕ ಖಾಲಿ ಬಾಟಲಿಯಿಂದ ಶುರು ಮಾಡಿದರು.

ನೋವು ಎಷ್ಟಿದ್ದರೆ ಸರಿ? ಪುಸ್ತಕದಲ್ಲಿ ಹತ್ತಕ್ಕೆ ಎಷ್ಟು ಅಂತ ಕೇಳುತ್ತಾರೆ. ನಾನು ಹಳ್ಳಿಯ ಹಿರಿಯರನ್ನು ಆಣೆಯಲ್ಲಿ ಕೇಳುತ್ತೇನೆ. ಹದಿನಾರಾಣೆ ಅಂದರೆ ತಡೆಯಲಾರದ ನೋವು. ವ್ಯಾಯಾಮ ಮಾಡುವಾಗ ನಾಲ್ಕಾಣೆ ನೋವು ಬಂದರೆ ಬರಲಿ. ಆರಾಣೆ ದಾಟಬಾರದು. ಮಾರನೇ ದಿನ ಬೆಳಗ್ಗೆ ಎದ್ದಾಗ ಹಿಂದಿನ ದಿನದಷ್ಟೇ ಇರಬೇಕು. ಜಾಸ್ತಿ ಇದ್ದರೆ ಭಾರ ಹೆಚ್ಚಾಯಿತು ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ. ಆರರಿಂದ ಹನ್ನೆರಡು ವಾರ ಬೇಕು. ಎರಡನೇ ವಾರಕ್ಕೆ "ಏನೂ ಆಗ್ತಿಲ್ಲ" ಅಂತ ಬಿಡುವವರೇ ಹೆಚ್ಚು. ಭುಜಕ್ಕೂ ಬಲ ಬರಬೇಕು. ಅದನ್ನು ನೋಡಿಯೇ ಹೇಳಿಕೊಡಬೇಕು, ಮಾತಲ್ಲಿ ಆಗಲ್ಲ.

ಜೊತೆಗೆ ಕೆಲಸದ ರೀತಿಯಲ್ಲಿ ಸಣ್ಣ ಬದಲಾವಣೆ. ಕೈ ಚಾಚಿ, ಅಂಗೈ ಕೆಳಗೆ ಮಾಡಿ ಭಾರ ಎತ್ತಬೇಡಿ. ನೀವು ಕೂತಿರುವ ಕುರ್ಚಿಯನ್ನೇ ಹಾಗೆ ಎತ್ತಿ ನೋಡಿ, ನೋವಿರುವವರಿಗೆ ತಕ್ಷಣ ಗೊತ್ತಾಗುತ್ತೆ. ಅಂಗೈ ಮೇಲೆ ಮಾಡಿ, ಮೊಣಕೈ ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿದರೆ ಹಗುರ. ಬೆಡ್‌ಶೀಟ್ ಹಿಂಡಬೇಡಿ, ನೀರು ಸೋರುತ್ತಿದ್ದರೂ ಹಾಗೇ ಹರವಿ, ಬಿಸಿಲು ಹಿಂಡಿಕೊಳ್ಳುತ್ತೆ. ಕತ್ತಿ, ಕತ್ತರಿಯ ಹಿಡಿ ಸಣ್ಣದಾಗಿದ್ದರೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಿ. ಹಿಡಿ ದಪ್ಪಗಿದ್ದಷ್ಟು ಮುಷ್ಟಿ ಬಿಗಿ ಕಡಿಮೆ ಸಾಕು. ಮೆಡಿಕಲ್‌ನಲ್ಲಿ ಸಿಗುವ ಎಲ್ಬೋ ಪಟ್ಟಿಯನ್ನು ತುಂಬ ಜನ ನೋವಿರುವ ಮೂಳೆ ಮೇಲೇ ಕಟ್ಟುತ್ತಾರೆ. ಅದಕ್ಕಿಂತ ಎರಡು ಬೆರಳು ಕೆಳಗೆ, ಮುಂಗೈಯ ಮಾಂಸದ ಮೇಲೆ ಬರಬೇಕು. ಕೆಲಸದ ಹೊತ್ತಿನಲ್ಲಿ ಮಾತ್ರ. ಮಲಗುವಾಗ ಬಿಚ್ಚಿ.

ಮೊಣಕೈ ನೋವೆಲ್ಲ ಟೆನಿಸ್ ಎಲ್ಬೋ ಅಲ್ಲ. ಬೆರಳು ಜೋಮು ಹಿಡಿಯುತ್ತಿದ್ದರೆ, ಕುತ್ತಿಗೆಯಿಂದ ನೋವು ಇಳಿಯುತ್ತಿದ್ದರೆ, ಮಣಿಕಟ್ಟು ಎತ್ತೋಕೇ ಆಗದೆ ಜೋತು ಬಿದ್ದರೆ, ಬಿದ್ದ ಮೇಲೆ ಕೈ ನೇರ ಆಗದಿದ್ದರೆ, ಊದಿಕೊಂಡಿದ್ದರೆ, ಬಾಟಲಿ ಹಿಡಿಯಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.

ಆಪರೇಷನ್ ಅಂದ ತಕ್ಷಣ ನಮಗೆಲ್ಲ ಸಚಿನ್ ನೆನಪಾಗುತ್ತಾರೆ. 2004ರಲ್ಲಿ ಈ ನೋವು ಅವರನ್ನು ಮೈದಾನದಿಂದ ಆಚೆ ಕೂರಿಸಿತು. ಇಡೀ ದೇಶ ಮೊಣಕೈ ಬಗ್ಗೆ ಮಾತಾಡಿದ್ದು ಆಗಲೇ ಇರಬೇಕು. 2005ರಲ್ಲಿ ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಶ್ರೀಲಂಕಾ ವಿರುದ್ಧ ವಾಪಸ್ ಬಂದು 93 ಹೊಡೆದರು. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ 35ನೇ ಟೆಸ್ಟ್ ಶತಕ. ಆದರೆ ಆಪರೇಷನ್ ಬೇಕಾಗೋದು ಬಹಳ ಕಡಿಮೆ ಜನಕ್ಕೆ. ಆರು ತಿಂಗಳಿಂದ ವರ್ಷದವರೆಗೆ ಸರಿಯಾಗಿ ವ್ಯಾಯಾಮ ಮಾಡಿಯೂ ಬಗ್ಗದಿದ್ದರೆ ಆಗ ಆ ಮಾತು.

ಮೆಸ್ಸಿನ ಅಕ್ಕ ಏನಾದರು ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಅವರಿಗೆ ನಾಲ್ಕು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ಹಿಟ್ಟು ತಿರುವೋಕೆ ಒಬ್ಬ ಹುಡುಗನನ್ನು ಇಟ್ಟುಕೊಂಡರು. ಅವನ ಸಂಬಳ ಅವರಿಗೆ ಭಾರವೇ ಆಯಿತು. "ಗಂಟು ಬಿಡ್ತಾನೆ" ಅಂತ ದಿನಾ ಬೈಯುತ್ತಿದ್ದರು. ಈಗ ಅರ್ಧ ಅರ್ಧ ಮಾಡಿ ಎರಡು ಪಾತ್ರೆಯಲ್ಲಿ ತಿರುವುತ್ತಾರೆ, ಒಂದು ಅವರು, ಒಂದು ಅವನು. ಕೋಲಿಗೆ ಟ್ಯೂಬ್ ಸುತ್ತಿದ್ದಾರೆ. ಬಿಳಿ ಕಲೆಯ ಅಂಚು ಕಂದಾಗುತ್ತಾ ಬಂದಿದೆ. ಚಳಿಗಾಲದ ಬೆಳಗ್ಗೆ ಇನ್ನೂ ಸ್ವಲ್ಪ ಚಳಕ್ ಅನ್ನುತ್ತಂತೆ.

ಕೊನೆಗೆ, ಶುರುವಿನಲ್ಲಿ "ಅಯ್ಯೋ ಬಿಡೇ" ಅಂದರಲ್ಲ, ಆ ಅಮ್ಮ ಎದ್ದು ನಿಂತರು.

"ಅದೆಲ್ಲ ಸರಿ ಕಣಮ್ಮ. ಮೂರು ಹಸ ಅವೆ. ನಾಳೆ ಬೆಳಗ್ಗೆ ಹಾಲು ಕರೀಬೇಕಲ್ಲ, ಏನ್ ಮಾಡ್ಲಿ?"

ಹೇಗೆ ಕರೆಯುತ್ತೀರಿ ಅಂತ ಕೇಳಿದೆ. ಹೆಬ್ಬೆರಳು ಒಳಗೆ ಮಡಚಿ ಗಾಳಿಯಲ್ಲಿ ಎಳೆದು ತೋರಿಸಿದರು. ಹೆಬ್ಬೆರಳು ಮಡಚೋದು ಬಿಡಿ ಅಮ್ಮ, ಪೂರ್ತಿ ಮುಷ್ಟಿಯಲ್ಲಿ ಹಿಡಿದು ಮೇಲಿಂದ ಕೆಳಕ್ಕೆ ಬೆರಳೊಂದೊಂದಾಗಿ ಒತ್ತಿ, ಎಳೆಯಬೇಡಿ, ಮಣಿಕಟ್ಟು ನೇರ ಇರಲಿ ಅಂದೆ. ಹಸುವಿನ ಮೊಲೆಗೂ ಅದೇ ಒಳ್ಳೆಯದು. ಒಂದು ಹಸುವನ್ನಾದರೂ ಸದ್ಯಕ್ಕೆ ಮಗನಿಗೆ ಬಿಡಿ. ಪಟ್ಟಿ ಕಟ್ಟಿಕೊಂಡು ಕೂರಿ, ಕರೆದಾದ ಮೇಲೆ ಬಿಚ್ಚಿ.

ಅವರನ್ನು ಮುಂದಕ್ಕೆ ಕರೆದು ಮೇಜಿನ ಹತ್ತಿರ ಕೂರಿಸಿದೆ. ನನಗೆ ಕುಡಿಯೋಕೆ ಇಟ್ಟಿದ್ದ ಬಾಟಲಿಯಲ್ಲಿ ಅರ್ಧ ನೀರಿತ್ತು. ಅದನ್ನೇ ಕೈಗೆ ಕೊಟ್ಟೆ. ಎಡಗೈಯಿಂದ ಎತ್ತಿಸಿ, ನಾಲ್ಕು ಎಣಿಸುತ್ತಾ ಇಳಿಸೋಕೆ ಹೇಳಿದೆ. ಸಭೆಯವರೇ ಎಣಿಸಿದರು. ಆರನೇ ಸಲಕ್ಕೆ ಕೈ ನಡುಗಿತು. ಎಷ್ಟಾಣೆ ಅಮ್ಮ ಅಂತ ಕೇಳಿದೆ.

"ನಾಲ್ಕಾಣೆ. ಇನ್ನೂ ನಾಲ್ಕು ಮಾಡ್ಲಾ?"

ಇವತ್ತಿಗೆ ಆರು ಸಾಕು ಅಂದೆ. ಬಾಟಲಿಯನ್ನು ಅವರು ಮನೆಗೆ ತೆಗೆದುಕೊಂಡು ಹೋದರು.